ಅತ್ತೆಗೆ ಬಂದ ಅಂಕ

ನರ್ಸ್ ಸಹಾಯಕಿ ಪರೀಕ್ಷೆಗೆ ಕೂತವರ ಮನೆಗೆ ಮಂಡಳಿಯವರು ವಾರದ ಮಟ್ಟಿಗೆ ಒಂದು ಯಂತ್ರರೋಗಿಯನ್ನು ಕಳಿಸುತ್ತಾರೆ. ಅಂಕ ಕೊಡುವುದೂ ಅದೇ. ದಾಕ್ಷಾಯಿಣಿಗೆ ಸಿಕ್ಕಿದ್ದು ಮಹಾ ಗೊಣಗುವ ರೋಗಿ. ಕೊನೆಯ ದಿನ ಅದಕ್ಕೆ ಜ್ವರ ಬಂತು. ಅವಳು ಪುಸ್ತಕದಲ್ಲಿದ್ದಂತೆ ಕೈ ತೊಳೆದು, ತನ್ನ ಹೆಸರು ಹೇಳಿ, ಒದ್ದೆ ಬಟ್ಟೆಯಿಂದ ಮೈ ಒರೆಸಿದಳು. ಜ್ವರ ಇಳಿಯಲಿಲ್ಲ.

"ಅತ್ತಾಗ ಸರಿ," ಎಂದು ಸೊಸೆಯನ್ನು ಪಕ್ಕಕ್ಕೆ ಸರಿಸಿ ಅತ್ತೆ ನೀಲವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಯಂತ್ರದ ತಲೆ ಸವರಿದಳು. "ಊಟ ಆತೇನೋ ಯಪ್ಪಾ?"

ಜ್ವರ ಸರ್ರನೆ ಇಳಿಯಿತು. "ಏಳು ದಿನದಾಗ ಈ ಮಾತು ಕೇಳಿದಾಕಿ ಇಕಿ ಒಬ್ಬಾಕಿನ," ಎಂದು ಯಂತ್ರ ಮೂಗೆಳೆಯಿತು. ಅದರ ಎದೆಯ ಮೇಲೆ ಅಂಕ ಮೂಡಿತು: ನೀಲವ್ವ, ನೂರಕ್ಕೆ ನೂರು.

"ಅತ್ತೀ, ಪರೀಕ್ಷಾ ನಂದ್ರೀ!"

ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಳಬ್ಯಾಡ. ನಾಳೆಯಿಂದ ದವಾಖಾನಿಗೆ ನಾ ಹೋಗ್ತೀನಿ. ನೀ ಮನ್ಯಾಗ ರೊಟ್ಟಿ ಬಡಿ."