ಗಾಳಿ ಕೂತ ಜಾಗ

"ನಾಲ್ಕನೇ ಸಲ ಬ್ರೇಕ್ ಆಯಿಲ್‌ನಲ್ಲಿರೋ ಗಾಳಿ ತೆಗೆದಿದ್ದಾಯ್ತು. ಬ್ರೇಕ್ ಪೆಡಲ್ ಇನ್ನೂ ಬೆಣ್ಣೆ ತುಳಿದ ಹಾಗಿದೆ," ಎನ್ನುತ್ತ ಅಪ್ಪ ರಿಪೇರಿಗೆ ಬಂದಿದ್ದ ಹಳೆಯ ಸ್ಪೋರ್ಟ್ಸ್ ಕಾರಿನಿಂದ ಇಳಿದು, ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡರು. ಲಕ್ವ ಹೊಡೆದು ಚೇತರಿಸಿಕೊಂಡ ಮೇಲೆ ಆ ಕೈ ಮಾಡಿದ ಮೊದಲ ಬ್ರೇಕ್ ಕೆಲಸವಿದು. ಮುಂದಿನ ಚಕ್ರಗಳನ್ನು ಹಿಡಿದು ನಿಲ್ಲಿಸುವ ಎರಡೂ ಕ್ಯಾಲಿಪರ್‌ಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಹೊಸ ರಬ್ಬರ್ ಸೀಲುಗಳನ್ನು ಅವರೇ ಕೂರಿಸಿದ್ದರು. "ಸೀಲ್ ಸರಿಯಾಗಿ ಕೂತಿಲ್ಲ. ಈ ಕೈ ನಂಬ್ಕೊಂಡು ಇನ್ನೊಬ್ಬರ ಪ್ರಾಣದ ಜೊತೆ ಆಟ ಆಡಬಾರದು. ಗ್ಯಾರೇಜ್ ಮುಚ್ಚಿಬಿಡೋಣ ಕಣೇ."

ಮಗಳ ಕೈಯಲ್ಲಿ ಅರ್ಧ ಖಾಲಿಯಾದ ಬ್ರೇಕ್ ಆಯಿಲ್ ಬಾಟಲಿಯಿತ್ತು. ಮುಚ್ಚಳ ಬಿಗಿದು ಅದನ್ನು ತಲೆಕೆಳಗು ಮಾಡಿದಳು. ಗುಳ್ಳೆಗಳೆಲ್ಲ ಮೇಲಕ್ಕೇ ಓಡಿದವು. ಚಕ್ರ ಕಳಚಿದ್ದ ಕಡೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಗಾಳಿ ಬಿಡುವ ತಿರುಪು ಕ್ಯಾಲಿಪರ್‌ನ ಕೆಳತುದಿಯಲ್ಲಿತ್ತು. ಎರಡೂ ಕ್ಯಾಲಿಪರ್‌ಗಳಿಗೆ ಕೆಂಪು ಬಣ್ಣ ಬಳಿದು, ಒಣಗಿಸಿ, ಕಾರಿಗೆ ಬಿಗಿದವಳು ಅವಳೇ.

"ಅಪ್ಪಾ, ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ ಹಾಕಿಬಿಟ್ಟಿದೀನಿ," ಎಂದಳು ನೆಲ ನೋಡುತ್ತ. "ತಿರುಪು ಕೆಳಗೆ ಬಂದಿದೆ. ಗಾಳಿ ಮೇಲೇ ಉಳ್ಕೊಂಡಿದೆ."

ಇಬ್ಬರೂ ಸೇರಿ ಅದಲುಬದಲು ಮಾಡಿ, ಐದನೇ ಸಲ ಗಾಳಿ ತೆಗೆದರು. ಅಪ್ಪನ ಕಾಲಡಿಯಲ್ಲಿ ಪೆಡಲ್ ಅರ್ಧಕ್ಕೇ ಕಲ್ಲಿನಂತೆ ನಿಂತಿತು. ಅವರು ಮತ್ತೊಮ್ಮೆ ತುಳಿದು ನೋಡಿದರು.

"ಹಾಗಾದ್ರೆ ತಪ್ಪು ನಿಂದೇನಾ?"

"ಹೂಂ, ಪೂರ್ತಿ ನಂದೇ."

"ಸದ್ಯ, ಬದುಕಿದೆ," ಎಂದು ಅಪ್ಪ ಉಸಿರು ಬಿಟ್ಟು, ಚಕ್ರದ ಸ್ಪ್ಯಾನರಿಗಾಗಿ ಬಲಗೈ ಚಾಚಿದರು.