ಕಾಲ ಬೇಗ ಓಡುವ ದೇಶಕ್ಕೆ

ವಿಚ್ಛೇದನದ ನಂತರ ರೇಣುಕಾ ಇಬ್ಬರು ಹೆಣ್ಣುಮಕ್ಕಳೊಂದಿಗೆ ಹೋಗಿ ನೆಲೆಸಿದ ದ್ವೀಪದೇಶದಲ್ಲಿ ಕಾಲ ಮೂರು ಪಟ್ಟು ಬೇಗ ಓಡುತ್ತಿತ್ತು. ಗದಗದಲ್ಲಿ ಉಳಿದ ಗಿರಿಮಲ್ಲನಿಗೆ ತಿಂಗಳಿಗೊಂದು ಫೋಟೊ ಬರುತ್ತಿತ್ತು. ಇಲ್ಲಿ ಎರಡು ವರ್ಷ ಕಳೆಯುವುದರೊಳಗೆ ಐದು ವರ್ಷದ ಸಹನಾಳಿಗೆ ಹನ್ನೊಂದು ತುಂಬಿತು. ಎರಡು ವರ್ಷದ ಕೂಸಾಗಿದ್ದ ಪಲ್ಲವಿ ಎಂಟಕ್ಕೆ ಬಂದಳು. ಅವನು ಪ್ರೆಸ್ಸಿನ ಕೆಲಸ ಬಿಟ್ಟು ವೀಸಾಕ್ಕೆ ಅರ್ಜಿ ಹಾಕಿದ.

"ನಾ ನಿನಗಿಂತ ಹಿರ್ಯಾಕಿ. ಅಲ್ಲಿ ಹೋದ್ರ ನನಗಿಂತ ಮೊದಲ ಮುದುಕ ಆಗ್ತೀಯಲ್ಲೋ," ಎಂದು ಅಕ್ಕ ಅತ್ತಳು.

"ಆಗ್ಲಿ ಬಿಡಕ್ಕ. ಇಲ್ಲೇ ಇದ್ರ ಮಕ್ಕಳು ನನಗಿಂತ ಮೊದಲ ಮುದುಕ್ಯಾರಾಗ್ತಾರ."

ಅಲ್ಲಿ ಅವನಿಗೆ ಸಿಕ್ಕಿದ್ದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಮತ್ತು ಭಾನುವಾರ ಮಾತ್ರ ಮಕ್ಕಳನ್ನು ನೋಡುವ ಅನುಮತಿ. ಮೊದಲ ಭಾನುವಾರ ಮೂರು ಬಸ್ಸು ಬದಲಿಸಿ ಹೋಗಿ ರೇಣುಕಾಳ ಮನೆಯ ಬಾಗಿಲು ತಟ್ಟಿದ. ಸಹನಾ ತೆರೆದಳು.

"ಅಪ್ಪಾ, ನೀವು ಒಂಚೂರೂ ಬದಲಾಗಿಲ್ಲ." ಅದು ಅವನಿಗೆ ದೂರಿನಂತೆ ಕೇಳಿಸಿತು.

ಸಹನಾಳ ಬೆನ್ನ ಹಿಂದಿನಿಂದ ಪಲ್ಲವಿ ಇಣುಕಿದಳು. "ಇನ್ಮ್ಯಾಲೆ ನೀವೂ ನಮ್ಮ ಜೋಡಿ ದೊಡ್ಡವ್ರಾಗ್ತೀರೇನು?"

"ಹೂಂ, ಅದಕ್ಕ ಬಂದೀನವ್ವ," ಎಂದ ಗಿರಿಮಲ್ಲ. ಬಾಗಿಲ ಮುಂದಿನ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ. ಪಲ್ಲವಿ ಹೊರಗೆ ಬಂದು, ನಡುವೆ ಸ್ವಲ್ಪ ಜಾಗ ಬಿಟ್ಟು, ಅದೇ ಮೆಟ್ಟಿಲ ಮೇಲೆ ಕುಳಿತಳು.