ಲೇಹ್ಯಕ್ಕೆ ಹೋದ ತಾಯಿ

ರಾಷ್ಟ್ರೀಯ ಉದ್ಯಾನದ ವಾಚರ್ ತ್ಯಾಂಪಣ್ಣ ಗುಡ್ಡ ಇಳಿದು ಮನೆಗೆ ಬಂದಾಗ, ಸಿಂಗಳೀಕದ ಪುಟ್ಟ ಮರಿಯೊಂದು ಅವನ ಎದೆಗೆ ಅಂಟಿಕೊಂಡಿತ್ತು.

"ತಾಯಿಗೆ ಗುಂಡು ಹೊಡೆದು ಹೊತ್ಕೊಂಡು ಹೋಗಿದ್ದಾರೆ, ಗುಲಾಬಿ," ಎಂದ. "ಈ ಮಳೆಗಾಲದಲ್ಲಿ ಇದು ಎರಡನೆಯದು. ಈ ಕಾಡಲ್ಲಿ ಉಳಿದಿರೋದೇ ಒಂದು ಹಿಂಡು."

ಹೆಂಡತಿ ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗಿಟ್ಟಳು. ಅದು ಚೀಪಲಿಲ್ಲ. ಅವನ ಅಂಗಿಯನ್ನೂ ಬಿಡಲಿಲ್ಲ.

"ಹೊಡೆದವರು ಸಿಕ್ಕಿದ್ರೆ ಏನು ಮಾಡ್ತೀರಿ?"

"ಜೈಲಿಗೆ ಕಳಿಸ್ತೇನೆ. ಹೇಳಿ ಹೊಡೆಸಿದವರನ್ನೂ ಬಿಡೋದಿಲ್ಲ. ಉಬ್ಬಸಕ್ಕೆ ಇದರ ಮಾಂಸದ ಲೇಹ್ಯ ಒಳ್ಳೇದಂತೆ! ಯಾವ ಪಾಪಿಯ ಗಂಟಲಲ್ಲಿ ಇಳೀತದೋ ಅದು!"

ಗುಲಾಬಿಯ ಕೈ ಅಲ್ಲೇ ನಿಂತಿತು. ಅವಳ ಮುಖ ನೋಡಿ ಅವನಿಗೆ ಯಾಕೋ ಭಯವಾಯಿತು.

"ನಿನಗೆ ಗೊತ್ತುಂಟಾ? ಹೇಳು ಮಾರಾಯ್ತಿ, ಯಾರಿಗೋಸ್ಕರ ಹೊಡೆದದ್ದು?"

ಅವಳು ತಲೆ ಎತ್ತಲಿಲ್ಲ.

"ಹೋದ ವರ್ಷ ಉಸಿರು ಸಿಗದೆ ನನ್ನ ತೊಡೆ ಮೇಲೆ ನೀಲಿಯಾಗಿ ಬಿದ್ದಿದ್ರಿ," ಎಂದಳು. "ಈ ಸಲ ನಿಮಗೆ ಒಂದು ದಿನವಾದ್ರೂ ಉಬ್ಬಸ ಬಂತಾ?"